ಅನ್ನದಾನಮ್ಮನ ಜಗಲಿ ಕಲ್ಲು

ರಾಯದುರ್ಗದ ಬಜಾರಿನಲ್ಲಿ ಅನ್ನದಾನಮ್ಮನಷ್ಟು ಪುಣ್ಯವಂತೆ ಇನ್ನೊಬ್ಬಳಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಒಪ್ಪದೆ ಇದ್ದವಳು ಅನ್ನದಾನಮ್ಮ ಒಬ್ಬಳೇ. ಆದರೆ ಅವಳ ಮಾತು ಕೇಳುವ ರೂಢಿ ಆ ಮನೆಯಲ್ಲಿ ತಪ್ಪಿಹೋಗಿ ಕೆಲವು ತಿಂಗಳಾಗಿತ್ತು.

ಮಗ ಮರುಳಪ್ಪ ತಾಯಿಗೆಂದೇ ಹಿತ್ತಲ ಕಡೆ ಹೊಸ ಕೋಣೆ ಕಟ್ಟಿಸಿದ್ದ. ನೆಲಕ್ಕೆ ಕಡಪಾ ಕಲ್ಲು ಹಾಸಿಸಿದ್ದ. ಬಳ್ಳಾರಿಯಿಂದ ರೈಲಿನಲ್ಲಿ ಕಬ್ಬಿಣದ ಮಂಚ ತರಿಸಿ ಅದಕ್ಕೆ ಸೊಳ್ಳೆಪರದೆ ಕಟ್ಟಿಸಿದ್ದ. ಕಿಟಕಿಗೆ ಗಾಜು ಕೂಡ ಇತ್ತು. ಕಿಟಕಿ ತೆರೆದರೆ ಹಿತ್ತಲ ಗೋಡೆ ಕಾಣುತ್ತಿತ್ತು, ಮುಚ್ಚಿದರೆ ಗಾಜಿನ ಮೂಲಕ ಅದೇ ಗೋಡೆ ಕಾಣುತ್ತಿತ್ತು. ಗೋಡೆಗೆ ಸುಣ್ಣ ಹೊಡೆಸಿದ್ದರು, ಅದರಲ್ಲೇನೂ ಲೋಪವಿರಲಿಲ್ಲ. ಬೀಗರು ಬಿಜ್ಜರು ಬಂದು ಹಾಸಿಗೆಯನ್ನು ಕೈಯಿಂದ ಒತ್ತಿ ನೋಡಿ, ಇಂಥ ಮಗನನ್ನು ಪಡೆಯಲು ಏಳು ಜನ್ಮ ಪುಣ್ಯ ಮಾಡಿರಬೇಕು ಎಂದು ಹೇಳಿ, ಕೊಟ್ಟ ಅವಲಕ್ಕಿ ತಿಂದು ಹೋಗುತ್ತಿದ್ದರು. ಕೋಣೆಯಲ್ಲಿ ಎಷ್ಟು ನೆಮ್ಮದಿಯೆಂದರೆ ಮಣ್ಣಿಗೆ ಹೋದವರಿಗೂ ಅದಕ್ಕಿಂತ ಹೆಚ್ಚಿನದು ಸಿಗುವುದು ಅನುಮಾನ.

ಅದಕ್ಕೆ ಮೊದಲು ಅನ್ನದಾನಮ್ಮನಿಗೆ ನೆಮ್ಮದಿಯೆಂದರೇನೆಂದು ಗೊತ್ತಿರಲಿಲ್ಲ. ಅವಳಿಗಿದ್ದದ್ದು ಜಗಲಿ. ಮುಂದುಗಡೆ ಕಿರಾಣಿ ಅಂಗಡಿ, ಅಂಗಡಿಯ ಮಗ್ಗುಲಲ್ಲಿ ಮನೆಯ ತಲೆಬಾಗಿಲು, ಬಾಗಿಲ ಪಕ್ಕ ಬೀದಿಗೆ ಚಾಚಿಕೊಂಡ ಎರಡು ದಪ್ಪ ಚಪ್ಪಡಿ ಕಲ್ಲು. ಅತ್ತೆ ತೀರಿಕೊಂಡ ಮೇಲೆ ಆ ಕಲ್ಲು ಇವಳ ಪಾಲಿಗೆ ಬಂತು. ಬೆಳಗಿನ ಪೂಜೆ ಮುಗಿಸಿ ಎಲೆಅಡಿಕೆ ಚೀಲ ಹಿಡಿದು ಕೂತರೆ ಊಟದ ಹೊತ್ತಿಗೆ ಏಳುವುದು, ಮತ್ತೆ ಬಂದು ಕೂತರೆ ದೀಪ ಹಚ್ಚುವ ಹೊತ್ತಿಗೆ ಏಳುವುದು. ಹಳ್ಳಿಯಿಂದ ಬರುವ ಹೆಂಗಸರು ತಲೆಹೊರೆ ಇಳಿಸುತ್ತಿದ್ದದ್ದು ಅಲ್ಲೇ. ಹೊರೆ ಇಳಿಸಿದ ಮೇಲೆ ಬಾಯಿ ಸುಮ್ಮನಿರುತ್ತದೆಯೇ. ಯಾರ ಸೊಸೆ ತವರಿಗೆ ಹೋದಳು, ಯಾರ ಬಾವಿಯಲ್ಲಿ ನೀರು ಬಂತು, ಬೆಳುಗುಪ್ಪದ ಯಾವ ಗೌಡ ಯಾರ ಮೇಲೆ ದಾವೆ ಹೂಡಿದ, ಎಲ್ಲವೂ ತಾಲ್ಲೂಕು ಕಚೇರಿಗೆ ತಿಳಿಯುವ ಮೊದಲು ಜಗಲಿಗೆ ತಿಳಿಯುತ್ತಿತ್ತು. ಬಜಾರಿನ ಜಗಳಗಳಲ್ಲಿ ಅರ್ಧ ಅನ್ನದಾನಮ್ಮ ಬಿಡಿಸಿದವು. ಇನ್ನರ್ಧ ಅವಳೇ ಹಚ್ಚಿದವು.

ಸಂತೆಯ ದಿನ ಬೆಳುಗುಪ್ಪದ ಕಡೆಯ ಕುರಿಹಟ್ಟಿಯಿಂದ ಉಜ್ಜಿನಮ್ಮ ತುಪ್ಪದ ಗಡಿಗೆ ಹೊತ್ತು ಬರುತ್ತಿದ್ದಳು. ಅವಳೂ ಮುದುಕಿಯೇ, ಆದರೆ ಕುರಿಯ ಹಿಂದೆ ನಡೆದು ಗಟ್ಟಿಯಾದ ಮುದುಕಿ. ಅನ್ನದಾನಮ್ಮ ತುಪ್ಪವನ್ನು ಮುಂಗೈಗೆ ಸವರಿ, ಉಜ್ಜಿ, ಮೂಸಿ, ಮುಖ ಕಿವುಚಿ, ಇದರಲ್ಲಿ ಹಳೆಯದು ಬೆರೆತಿದೆ ಎನ್ನುತ್ತಿದ್ದಳು. ಉಜ್ಜಿನಮ್ಮ ಕನ್ನಡದಲ್ಲಿ ಆಣೆ ಇಟ್ಟು ಸಾಲದಾದಾಗ ತೆಲುಗಿನಲ್ಲಿ ಇಡುತ್ತಿದ್ದಳು. ಆಮೇಲೆ ಇಬ್ಬರೂ ಕೂತು ಸುಖದುಃಖ ಮಾತಾಡುತ್ತಿದ್ದರು. ಇಷ್ಟು ವರ್ಷದಲ್ಲಿ ತುಪ್ಪ ಚೆನ್ನಾಗಿದೆ ಎಂದು ಅನ್ನದಾನಮ್ಮ ಒಮ್ಮೆಯೂ ಹೇಳಿರಲಿಲ್ಲ, ಬೇರೆಯವರ ತುಪ್ಪ ಒಮ್ಮೆಯೂ ಕೊಂಡಿರಲಿಲ್ಲ.

ಹೀಗೆ ನಡೆದಿದ್ದಾಗ ಮರುಳಪ್ಪನಿಗೆ ಊರನ್ನು ಸುಧಾರಿಸುವ ಆಸೆ ಹುಟ್ಟಿತು. ಹೊಟ್ಟೆ ತುಂಬಿದ ಮೇಲೆ ಇಂಥ ಆಸೆ ಹುಟ್ಟುವುದು ಸಹಜ. ಆತ ನಾಲ್ಕು ಜನ ವ್ಯಾಪಾರಸ್ಥರನ್ನು ಕೂಡಿಸಿ ಬಜಾರ ಸುಧಾರಣಾ ಸಂಘವೆಂದು ಹೆಸರಿಟ್ಟು ತಾನೇ ಅಧ್ಯಕ್ಷನಾದ. ಅಷ್ಟರಲ್ಲಿ ಬಳ್ಳಾರಿಯಿಂದ ಬ್ರಿಟಿಷ್ ಸರ್ಕಾರದ ದೊಡ್ಡ ದೊರೆಯೊಬ್ಬರು ಊರು ನೋಡಲು ಮೋಟಾರಿನಲ್ಲಿ ಬರುತ್ತಾರೆಂಬ ಸುದ್ದಿ ಬಂತು. ಯಾವಾಗ ಎಂದು ಸುದ್ದಿಯಲ್ಲಿ ಇರಲಿಲ್ಲ. ಮೋಟಾರು ಬರಬೇಕಾದರೆ ಬೀದಿ ಅಗಲವಿರಬೇಕು, ಬೀದಿ ಅಗಲವಾಗಬೇಕಾದರೆ ಜಗಲಿಗಳು ಹೋಗಬೇಕು ಎಂದು ಸಂಘ ತೀರ್ಮಾನಿಸಿತು. ಸುಧಾರಣೆ ಮನೆಯಿಂದಲೇ ಶುರುವಾಗಲಿ ಎಂದು ಅಧ್ಯಕ್ಷ ಮೊದಲು ತನ್ನ ಮನೆಯ ಜಗಲಿಗೇ ಹಾರೆ ಹಾಕಿಸಿದ. ಹತ್ತು ಜನ ಚಪ್ಪಾಳೆ ತಟ್ಟಿದರು.

ಅನ್ನದಾನಮ್ಮ ಹಾರೆಯವರ ಎದುರು ಬಂದು ನಿಂತು ಮಗನನ್ನು ಒಂದೇ ಮಾತು ಕೇಳಿದಳು. ಆ ಕೇರಿಯ ಶಿವಭಕ್ತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈತೊಳೆದು, ಹಣೆಗೆ ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗವಿಟ್ಟು, ಪೂಜೆಗೆ ಕೂತವರ ಹಾಗೆ ಕೂರಿಸುತ್ತಾರೆ. ಮನೆಯ ಹಿರಿಯರಾದರೆ ಮನೆಯ ಜಗಲಿಯ ಮೇಲೆಯೇ ಕೂರಿಸಿ ಊರಿಗೆಲ್ಲ ದರ್ಶನ ಕೊಡಿಸುತ್ತಾರೆ. ಅವಳ ಅತ್ತೆ ಮಾವ ಕೂತದ್ದು ಅಲ್ಲೇ, ಗಂಡ ಕೂತದ್ದೂ ಅಲ್ಲೇ.

"ನಿಮ್ಮಪ್ಪ ಇಲ್ಲೇ ಕುಂತು ಹೋದ. ನಾ ಸತ್ತರ ನನ್ನ ಎಲ್ಲಿ ಕೂಡ್ರಸ್ತಿ?"

"ಆವಾಗ ನೋಡಣು ಬಿಡವ್ವ," ಎಂದ ಮರುಳಪ್ಪ. "ಈಗ್ಯಾಕ ಅದರ ಮಾತು."

ಕಲ್ಲುಗಳನ್ನು ಗಾಡಿಗೆ ಹೇರಿ ಸಂಘದ ಅಂಗಳಕ್ಕೆ ಸಾಗಿಸಿದರು. ಅಲ್ಲಿ ಅವನ್ನು ಜೋಡಿಸಿ ವೇದಿಕೆ ಮಾಡಿದರು. ದೊರೆಗಳು ಬಂದಾಗ ಅದರ ಮೇಲೆ ನಿಂತು ಊರಿನವರ ಆರೋಗ್ಯದ ಬಗ್ಗೆ ಭಾಷಣ ಮಾಡುವರೆಂದು ಗೊತ್ತಾಗಿತ್ತು. ಬೀದಿಯ ಉಳಿದ ಜಗಲಿಗಳೂ ಒಂದೊಂದಾಗಿ ಹೋದವು. ಎದುರು ಮನೆಯ ಮುದುಕ ಸಿದ್ದಬಸಪ್ಪ ತನ್ನ ಜಗಲಿ ಹೋದ ದಿನ ಹೊಸ್ತಿಲ ಒಳಗೆ ನಿಂತು ಈ ಕಡೆ ನೋಡಿದ. ಅನ್ನದಾನಮ್ಮ ತನ್ನ ಹೊಸ್ತಿಲ ಒಳಗೆ ನಿಂತು ಆ ಕಡೆ ನೋಡಿದಳು. ವಯಸ್ಸಾದವರು ಬಾಗಿಲಲ್ಲಿ ನಿಂತರೆ ಗಿರಾಕಿಗಳಿಗೆ ಅಡ್ಡವಾಗುತ್ತದೆಂದು ಇಬ್ಬರನ್ನೂ ಅವರವರ ಮನೆಯವರು ಒಳಗೆ ಕರೆದರು.

ಹೊಸ ಕೋಣೆಗೆ ಹೋದ ಮೇಲೆ ಅನ್ನದಾನಮ್ಮನಿಗೆ ಮೊದಲು ತಪ್ಪಿದ್ದು ವಾರ. ಜಗಲಿಯ ಮೇಲೆ ಬಳೆಗಾರ ಬಂದರೆ ಇಂಥ ವಾರ, ಕಂಬಳಿಯವರು ಬಂದರೆ ಇಂಥ ವಾರ ಎಂದು ತಾನಾಗಿ ತಿಳಿಯುತ್ತಿತ್ತು. ಸುಣ್ಣದ ಗೋಡೆಗೆ ಎಲ್ಲ ವಾರವೂ ಒಂದೇ. ಆಮೇಲೆ ಹಸಿವು ತಪ್ಪಿತು, ಆಮೇಲೆ ನಿದ್ದೆ. ಕೂಗಿ ಮಾತಾಡಲು ಯಾರೂ ಇಲ್ಲದೆ ದನಿ ಸಣ್ಣಗಾಯಿತು. ಓಡಾಡಲು ಕಾರಣವಿಲ್ಲದೆ ಕಾಲು ಹಿಡಿದುಕೊಂಡಿತು. ಸೊಸೆ ಕೊಟ್ರಮ್ಮ ಒಳ್ಳೆಯವಳು, ಅತ್ತೆಗೆ ಒಂದು ಕಡ್ಡಿ ಎತ್ತಿಡಲು ಬಿಡುತ್ತಿರಲಿಲ್ಲ. ಅಕ್ಕಿ ಆರಿಸುತ್ತೇನೆಂದು ಮೊರ ಹಿಡಿದರೆ ಕಿತ್ತುಕೊಂಡು, ನಾವು ಸತ್ತಿದ್ದೇವೆಯೇ ಎಂದು ನೊಂದುಕೊಳ್ಳುತ್ತಿದ್ದಳು.

ಮದರಾಸಿನಲ್ಲಿ ಓದಿ ಬಂದ ಡಾಕ್ಟರನ್ನು ಕರೆಸಿದರು. ಆತ ಎದೆಗೆ ನಳಿಗೆ ಹಿಡಿದು, ಬೆನ್ನು ತಟ್ಟಿ, ನಾಲಗೆ ನೋಡಿ, ಇವರಿಗೆ ವಿಶ್ರಾಂತಿ ಸಾಲದು ಎಂದ. ಜನ ಬಂದು ಮಾತಾಡಿಸಬಾರದು, ಸಪ್ಪಳ ಕೂಡದು, ಏಳಿಸಬಾರದು. ಜೊತೆಗೆ ಕಹಿಯಾದ ಕೆಂಪು ಔಷಧದ ಸೀಸೆ. ಅಂದಿನಿಂದ ಅವಲಕ್ಕಿ ತಿನ್ನಲು ಬರುತ್ತಿದ್ದ ಬೀಗರೂ ನಿಂತರು. ವಿಶ್ರಾಂತಿ ಎಷ್ಟು ಚೆನ್ನಾಗಿ ಹಿಡಿಯಿತೆಂದರೆ ಕಾರ್ತೀಕದ ಹೊತ್ತಿಗೆ ಅನ್ನದಾನಮ್ಮನಿಗೆ ಮಗ್ಗುಲು ಬದಲಿಸಲು ಇನ್ನೊಬ್ಬರು ಬೇಕಾದರು.

ಆಗ ಡಾಕ್ಟರು ಹವಾ ಬದಲಾಗಲಿ ಎಂದ. ಮಗಳು ಹಾಲಮ್ಮನನ್ನು ಮಡಕಶಿರಕ್ಕೆ ಕೊಟ್ಟಿದ್ದರು. ಮರುಳಪ್ಪ ತಾಯಿಯನ್ನು ಬಸ್ಸಿನ ಮುಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಇಟ್ಟುಕೊಂಡು ಹೋಗಿ ಅಲ್ಲಿ ಬಿಟ್ಟು ಬಂದ. ಹಾಲಮ್ಮನ ಮನೆ ಕಿಷ್ಕಿಂಧೆ. ಮಂಚವಿಲ್ಲ, ಗಾಜಿಲ್ಲ, ಮನೆ ತುಂಬ ಮಕ್ಕಳು. ಆದರೆ ಬಾಗಿಲೆದುರು ಅರಳಿಕಟ್ಟೆ ಇತ್ತು, ಕಟ್ಟೆಗೆ ರೊಳ್ಳ ಎಂಬ ಊರಿನ ದಾರಿಯಿಂದ ಬರುವವರೆಲ್ಲ ಬಂದು ಕೂರುತ್ತಿದ್ದರು. ಅನ್ನದಾನಮ್ಮ ಮೊದಲು ಬಾಗಿಲಿಗೆ ಬಂದಳು, ಆಮೇಲೆ ಅಂಗಳಕ್ಕೆ, ಆಮೇಲೆ ಕಟ್ಟೆಗೆ. ತಿಂಗಳೊಪ್ಪತ್ತಿನಲ್ಲಿ ಕಡಲೆಕಾಯಿ ಬಿಡಿಸುತ್ತ ಅಲ್ಲಿಯವರ ಎರಡು ಜಗಳ ಬಿಡಿಸಿದ್ದಳು, ಒಂದನ್ನು ಹಚ್ಚಿದ್ದಳು. ಕರೆದೊಯ್ಯಲು ಬಂದ ಮರುಳಪ್ಪನಿಗೆ ತಾಯಿ ಕಟ್ಟೆಯ ಮೇಲಿಂದ ಕೈ ಬೀಸಿದ್ದು ನೋಡಿ ಕಣ್ಣಲ್ಲಿ ನೀರು ಬಂತು. ಕಟ್ಟೆ ಮಾತ್ರ ಅವನ ಕಣ್ಣಿಗೆ ಬೀಳಲಿಲ್ಲ. ಈ ಊರಿನ ನೀರು ಎಷ್ಟು ಒಳ್ಳೆಯದು ಎಂದ.

"ಇಲ್ಲೇ ಇರವ್ವ, ಯಾಕೆ ಹೋಗ್ತೀಯ," ಎಂದಳು ಹಾಲಮ್ಮ. "ಯಾರೇನಂದ್ರೂ ಅನ್ಲಿ ಬಿಡು, ನಿನ್ನ ಮಗಳ ಮನೆ ಅಲ್ವಾ."

ಮಗಳ ಮನೆಯೇ ಆದ್ದರಿಂದ ಇರುವಂತಿರಲಿಲ್ಲ. ಗಂಡುಮಗನಿದ್ದೂ ತಾಯಿ ಅಳಿಯನ ಮನೆಯ ಅನ್ನಕ್ಕೆ ಬಿದ್ದಳು ಎಂದು ಬಜಾರು ಆಡಿಕೊಂಡರೆ ಸಂಘದ ಅಧ್ಯಕ್ಷನ ಗತಿಯೇನು. ಅನ್ನದಾನಮ್ಮ ಸೀರೆ ಮಡಚಿಕೊಂಡು ಎದ್ದಳು. ಬಸ್ಸಿನಲ್ಲಿ ಅವಳ ಜೊತೆಗೆ ಎರಡು ದೊಡ್ಡ ಹಿತ್ತಾಳೆ ಕೊಡಗಳಲ್ಲಿ ಮಡಕಶಿರದ ನೀರೂ ಬಂತು. ಆಮೇಲೂ ಆ ಕಡೆಯಿಂದ ಬರುವ ಬಸ್ಸಿನ ಮೇಲೆ ಆಗಾಗ ಕೊಡಗಳು ಬರುತ್ತಿದ್ದವು. ಮುದುಕಿ ಆ ನೀರು ಕುಡಿಯುತ್ತ, ಸುಣ್ಣದ ಗೋಡೆ ನೋಡುತ್ತ, ಮತ್ತೆ ಮೊದಲಿನ ಹಾಗೇ ಆಗತೊಡಗಿದಳು. ನೀರು ದಾರಿಯಲ್ಲಿ ಕೆಡುತ್ತಿದೆ ಎಂದು ಡಾಕ್ಟರು ಸಂಶಯಪಟ್ಟ.

ಅನ್ನದಾನಮ್ಮನಿಗೆ ತಾನು ಸಾಯುತ್ತಿದ್ದೇನೆಂದು ಗೊತ್ತಿತ್ತು. ಅದಕ್ಕೆ ಅವಳ ತಕರಾರೂ ಇರಲಿಲ್ಲ. ಬೀದಿಯನ್ನು ಕಾಣದೆ ಸಾಯುವುದು ಮಾತ್ರ ಅವಳಿಗೆ ಬೇಡವಾಗಿತ್ತು. ಮಗನಿಗೆ ಮೂರು ನಾಲ್ಕು ಸಲ ಹೇಳಿ ನೋಡಿದಳು, ಆ ಕಲ್ಲು ತಂದು ಹಾಕಿಸಪ್ಪ ಎಂದು. ಮಗ ಪ್ರತಿ ಸಲವೂ ಪರದೆ ಸರಿಮಾಡಿ, ಈಗ ಮಲಗು ಎಂದ.

ಸಂತೆಯ ದಿನ. ಆವತ್ತು ಸಂತೆಯೆಂದು ಅವಳಿಗೆ ತಿಳಿದದ್ದು ಕೊಟ್ರಮ್ಮ ಬೆಳಗ್ಗೆ ಚೀಲ ಹುಡುಕಿದ್ದರಿಂದ. ಮಧ್ಯಾಹ್ನ ಊಟವಾಗಿ ಕೊಟ್ರಮ್ಮ ನಡುಮನೆಯಲ್ಲಿ ಅಡ್ಡಾಗಿದ್ದಳು. ಮರುಳಪ್ಪ ಸಂಘದ ಸಭೆಗೆ ಹೋಗಿದ್ದ. ಗುಮಾಸ್ತ ಅಂಗಡಿಯ ಬಾಗಿಲು ಎಳೆದುಕೊಂಡು ಉಣ್ಣಲು ಹೋಗಿದ್ದ. ಅನ್ನದಾನಮ್ಮ ಅಂದು ತಡವಾಗಿ ಮಿಂದಿದ್ದಳು, ಪೂಜೆ ಇನ್ನೂ ಆಗಿರಲಿಲ್ಲ. ಗೋಡೆಯ ಎದುರು ಪೂಜೆ ಮಾಡಿ ಮಾಡಿ ಶಿವನಿಗೂ ಬೇಜಾರಾಗಿರಬೇಕು ಎನ್ನಿಸಿತು. ಬಿಳಿಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು, ವಿಭೂತಿಯ ಗಟ್ಟಿ ಹಿಡಿದು, ಗೋಡೆ ಹಿಡಿದುಕೊಂಡು ಹೊರಟಳು. ಹಿತ್ತಲ ಕೋಣೆಯಿಂದ ತಲೆಬಾಗಿಲು ಕಾಶಿಯಷ್ಟು ದೂರವಾಗಿತ್ತು. ಮೂರು ಕಡೆ ಕೂತು ಎದ್ದು ಅಂತೂ ಮುಟ್ಟಿದಳು.

ಜಗಲಿ ಇದ್ದ ಜಾಗದಲ್ಲಿ ಗೋಡೆಯ ಗಾರೆ ಕಿತ್ತು ಮಣ್ಣು ಕಾಣುತ್ತಿತ್ತು. ಕೆಳಗೆ ಗೋಣಿತಾಟು ಹಾಸಿ, ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಚಿ ಕೂತಳು. ಹಣೆಗೂ ತೋಳಿಗೂ ವಿಭೂತಿ ಬಳಿದುಕೊಂಡಳು. ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿದಳು. ಮುಚ್ಚಿದ ಮೇಲೆ ಬಜಾರೆಲ್ಲ ಕಿವಿಯಲ್ಲಿ ಕಾಣಿಸಿತು. ಆ ಎತ್ತಿನ ಗೆಜ್ಜೆ ಗಾಣದವರದು. ಆ ಕೆಮ್ಮು ಸಿದ್ದಬಸಪ್ಪನದು, ಒಳಗಿನಿಂದ ಬರುತ್ತಿದೆ. ಮೆಣಸಿನಕಾಯಿ ಮೂಟೆ ಬಿಚ್ಚಿದರು, ಘಾಟು ಮೂಗಿಗೆ ಬಂತು. ಅನ್ನದಾನಮ್ಮನಿಗೆ ಎಷ್ಟೋ ದಿನದ ಮೇಲೆ ಹಸಿವಾಯಿತು. ಪೂಜೆ ಮುಗಿದರೂ ಅವಳು ಕಣ್ಣು ತೆರೆಯಲಿಲ್ಲ. ಇಷ್ಟು ಸುಖ ಶಿವ ಕೊಟ್ಟದ್ದೋ ಮೆಣಸಿನಕಾಯಿ ಕೊಟ್ಟದ್ದೋ ಎಂದು ವಿಚಾರಿಸುವಷ್ಟು ಭಕ್ತೆ ಅವಳಲ್ಲ.

ಆ ಹೊತ್ತಿಗೆ ಸರಿಯಾಗಿ ಉಜ್ಜಿನಮ್ಮ ಬೀದಿಯ ಕೊನೆಯಲ್ಲಿ ಕಾಣಿಸಿಕೊಂಡಳು. ಅಮ್ಮ ಹಾಸಿಗೆ ಹಿಡಿದಿದ್ದಾರೆ, ಇಂದೋ ನಾಳೆಯೋ ಎಂದು ಸಂತೆಯಲ್ಲಿ ಕೇಳಿ, ತುಪ್ಪ ಮಾರದೆ ನೇರವಾಗಿ ಬಂದಿದ್ದಳು. ಪೂಜೆ ಮಾಡುವವರು ಮನೆಯೊಳಗೆ ಮಾಡುತ್ತಾರೆ, ಅದನ್ನು ಅವಳು ಯಾವತ್ತೂ ಕಂಡಿರಲಿಲ್ಲ. ಹಣೆ ತುಂಬ ವಿಭೂತಿ, ಕೈಯಲ್ಲಿ ಲಿಂಗ, ಮುಚ್ಚಿದ ಕಣ್ಣು, ಬೀದಿಯಲ್ಲಿ ಗೋಡೆಗೊರಗಿ ಕೂತ ಮೈ, ಇದನ್ನು ಕಂಡಿದ್ದಳು. ಇದೇ ಜಾಗದಲ್ಲಿ ಅಮ್ಮನ ಗಂಡನನ್ನು ಹೀಗೆಯೇ ಕೂರಿಸಿದ್ದಾಗ ಬಂದು ಕೈಮುಗಿದಿದ್ದಳು. ಗಡಿಗೆ ಕೆಳಗಿಟ್ಟು ಎದೆ ಬಡಿದುಕೊಂಡಳು.

"ಹೋಗಿಬಿಟ್ಯಾ ನನ್ನವ್ವಾ. ನನ್ನ ತುಪ್ಪದಾಗ ತಪ್ಪು ಹುಡುಕೋರು ಇನ್ಯಾರದಾರವ್ವಾ. ಒಬ್ಬಾಕೀನೇ ಹೆಂಗ ಹೋದಿ."

ಅನ್ನದಾನಮ್ಮ ಕಣ್ಣು ತೆರೆಯಬೇಕೆಂದುಕೊಂಡಳು. ತೆರೆಯಲಾಗಲಿಲ್ಲ. ತನಗಾಗಿ ಒಬ್ಬರು ಅತ್ತು ಎಷ್ಟೋ ದಿನವಾಗಿತ್ತು. ಇನ್ನೆರಡು ಮಾತು ಕೇಳಿ ತೆರೆಯೋಣ ಎಂದುಕೊಂಡಳು. ಅಷ್ಟರಲ್ಲಿ ಬೀದಿ ಕೂಡಿತು.

ಕೂಡಿದವರಲ್ಲಿ ಶಿವಭಕ್ತರೂ ಇದ್ದರು. ಅವರಿಗಾದರೂ ಪೂಜೆ ಯಾವುದು ಹೆಣ ಯಾವುದು ಎಂದು ತಿಳಿಯಬೇಕಿತ್ತು. ಆದರೆ ಒಬ್ಬಳು ಅಳುತ್ತಿರುವಾಗ ಹೋಗಿ ಮೂಗಿಗೆ ಬೆರಳು ಹಿಡಿದು ನೋಡುವುದು ಸಭ್ಯತೆಯಲ್ಲ. ಮನೆಯವರು ಮೈತೊಳೆದು ಕೂರಿಸಿಯಾಗಿದೆ ಎಂದು ಎಲ್ಲರೂ ನಂಬಿದರು. ಸದ್ದಿಗೆ ಎಚ್ಚೆತ್ತು ಕೆದರಿದ ತಲೆಯಲ್ಲಿ ಹೊರಬಂದ ಕೊಟ್ರಮ್ಮ, ಅತ್ತೆ ತಾವಾಗಿಯೇ ಬಂದು ಮಾವ ಕೂತ ಜಾಗದಲ್ಲಿ ಪ್ರಾಣ ಬಿಟ್ಟಿದ್ದಾರೆ ಎಂದು ಬೀದಿಯವರಿಂದ ತಿಳಿದು ತಾನೂ ನಂಬಿದಳು. ಒಂದು ದಿನಕ್ಕೂ ನನ್ನನ್ನು ಒಂದು ಮಾತು ಅಂದವರಲ್ಲ ಎಂದು ಅಳತೊಡಗಿದಳು. ಇದು ಯಾರ ವಿಷಯವೆಂದು ಅನ್ನದಾನಮ್ಮನಿಗೇ ಅನುಮಾನ ಬಂತು. ಡಾಕ್ಟರು ಗುಂಪಿನ ಹಿಂದೆ ಸೈಕಲ್ಲು ಹಿಡಿದು ನಿಂತು, ಏಳಬಾರದೆಂದು ಹೇಳಿದ್ದೆ, ಎದ್ದರು ಎಂದು ಕಾರಣ ತಿಳಿಸಿ ಹೋದ. ಸುದ್ದಿ ಕನ್ನಡದಲ್ಲಿ ಹೊರಟು ಸಂತೆಯನ್ನು ತೆಲುಗಿನಲ್ಲಿ ಮುಟ್ಟಿತು.

ಸಾಕು, ಇನ್ನು ಕಣ್ಣು ತೆರೆಯುವುದೇ ಎಂದು ಅವಳು ಗಟ್ಟಿ ಮಾಡಿಕೊಳ್ಳುವಾಗ ಮಗನ ದನಿ ಕೇಳಿತು. ಸಭೆಯಿಂದ ಓಡಿ ಬಂದಿದ್ದ. ತಾಯಿಯನ್ನು ದೂರದಿಂದ ಒಂದು ಸಲ ನೋಡಿ ಬಾಯಿಗೆ ಮೇಲುವಸ್ತ್ರ ಒತ್ತಿಕೊಂಡ. ಆಮೇಲೆ ಸಂಘದವರ ಕಡೆ ತಿರುಗಿದ.

"ನಮ್ಮವ್ವನ್ನ ನೆಲದ ಮ್ಯಾಲೆ ಕೂಡ್ರಸ್ತೀರೇನ್ರಿ. ಜಗಲಿ ಕಲ್ಲು ತರ್ರಿ."

ಅವು ದೊರೆಗಳ ವೇದಿಕೆಯಲ್ಲಿವೆಯೆಂದು ಯಾರೋ ನೆನಪಿಸಿದರು.

"ಕಿತ್ತು ತರ್ರಿ. ದೊರಿ ಬೇಕಾದ್ರ ನೆಲದ ಮ್ಯಾಲೆ ನಿಂತು ಮಾತಾಡ್ಲಿ. ನಮ್ಮವ್ವ ಕೇಳಿದ್ಲು, ನಾ ಸತ್ತರ ಎಲ್ಲಿ ಕೂಡ್ರಸ್ತಿ ಅಂತ." ಇಷ್ಟು ಹೇಳಿ ಆತ ನಿಜವಾಗಿಯೂ ಅತ್ತ.

ಅನ್ನದಾನಮ್ಮ ತೆರೆಯಲು ಹೊರಟ ಕಣ್ಣನ್ನು ಬಿಗಿಯಾಗಿ ಮುಚ್ಚಿದಳು. ಮಗನಿಗೆ ತನ್ನ ಮೇಲೆ ಇಷ್ಟು ಪ್ರೀತಿ ಇತ್ತೆಂದು ತಿಳಿದು ಸಂತೋಷವಾಯಿತು. ಅದು ತಿಳಿಯಲು ತಾನು ಸಾಯಬೇಕಾಯಿತಲ್ಲ ಎಂದು ಹೊಟ್ಟೆ ಉರಿಯಿತು. ಈಗ ಕಣ್ಣು ತೆರೆದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎಲ್ಲರೂ ಸಂತೋಷಪಡುತ್ತಾರೆ, ಎತ್ತಿಕೊಂಡು ಹೋಗಿ ಕಬ್ಬಿಣದ ಮಂಚದ ಮೇಲೆ ಮಲಗಿಸುತ್ತಾರೆ, ಪರದೆ ಬಿಡುತ್ತಾರೆ. ಕಲ್ಲು ಬರುವ ತನಕ ಸತ್ತಿರಬೇಕು. ಬೇರೆ ದಾರಿಯಿಲ್ಲ.

ಆಗ ಉಜ್ಜಿನಮ್ಮ ದುಃಖ ತಡೆಯದೆ ಮುಂದೆ ಬಿದ್ದು ಅವಳ ಮಡಿಲಿಗೆ ತಲೆಯಿಟ್ಟಳು. ಕುರಿಯ ಹೊಟ್ಟೆ ಮುಟ್ಟಿ ಮರಿಯ ಉಸಿರು ಹೇಳುವವಳು ಅವಳು. ಅಳು ತಟ್ಟನೆ ನಿಂತಿತು. ತಲೆಯೆತ್ತಿ ನೋಡಿದಳು. ಹೆಣ ತುಟಿ ಅಲುಗಿಸದೆ ಮಾತಾಡಿತು.

"ಅಳೋದು ನಿಲ್ಲಿಸಬ್ಯಾಡ. ಕಲ್ಲು ಬರ್ಲಿ."

ಉಜ್ಜಿನಮ್ಮ ತಲೆಯನ್ನು ಮತ್ತೆ ಮಡಿಲಿಗೆ ಹಾಕಿದಳು. ಆಮೇಲೆ ಅತ್ತ ಅಳುವಿನ ಮುಂದೆ ಮೊದಲಿನದು ಏನೂ ಅಲ್ಲ. ಅಮ್ಮನ ಮುಂದೆ ತೋಳು ಚಾಚಿ ಕೂತು, ಮಠದ ಅಯ್ಯನವರು ಬರುವ ತನಕ ಯಾರೂ ಮುಟ್ಟಬೇಡಿರೆಂದು ಎಲ್ಲರನ್ನೂ ತಡೆದಳು. ಬೇರೆ ಜನದವಳಾದರೂ ನಮ್ಮ ಪದ್ಧತಿ ಎಷ್ಟು ಬಲ್ಲಳು ಎಂದು ಶಿವಭಕ್ತರು ಮೆಚ್ಚಿಕೊಂಡರು.

ಸತ್ತಿರುವುದು ಸುಲಭದ ಕೆಲಸವಲ್ಲ. ಒಂದು ನೊಣ ಬಂದು ಅನ್ನದಾನಮ್ಮನ ಮೂಗಿನ ಮೇಲೆ ಕೂತು ಕೈಕಾಲು ತೊಳೆಯತೊಡಗಿತು. ಉಜ್ಜಿನಮ್ಮ ಸೆರಗಿನಿಂದ ಗಾಳಿ ಹಾಕುತ್ತ ಅದನ್ನು ಓಡಿಸಿದಳು. ಸಿದ್ದಬಸಪ್ಪನನ್ನು ಇಬ್ಬರು ಹಿಡಿದು ಕರೆತಂದರು. ಆತ ಎದುರಿಗೆ ನಿಂತು ಬಹಳ ಹೊತ್ತು ನೋಡಿ, ನೀನು ಪಾರಾದೆ ತಾಯಿ, ನನ್ನನ್ನು ಯಾವಾಗ ಹೊರಗೆ ಕೂರಿಸುತ್ತಾರೋ ಎಂದ. ನಗಿಸಲು ಹೇಳಿದ ಮಾತಲ್ಲ, ಯಾರೂ ನಗಲಿಲ್ಲ. ಅನ್ನದಾನಮ್ಮನ ಮುಚ್ಚಿದ ಕಣ್ಣಿನಿಂದ ಒಂದು ಹನಿ ಇಳಿಯಿತು. ಉಜ್ಜಿನಮ್ಮ ಅದನ್ನೂ ಸೆರಗಿನಿಂದ ಒರೆಸಿದಳು.

ಗಾಡಿ ಬಂತು. ಹಾರೆಯವರು ಕಲ್ಲಿಳಿಸಿ, ಕೆಳಗೆ ಕಲ್ಲುಚೂರು ಕೊಟ್ಟು, ಹಳೆಯ ಜಾಗದಲ್ಲಿ ಹಳೆಯ ಹಾಗೆಯೇ ಕೂರಿಸಿದರು. ತಿಂಗಳುಗಟ್ಟಲೆ ಆಗದ ಕೆಲಸ ಒಂದು ಎಲೆಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಆಯಿತು. ಮಠದ ಅಯ್ಯನವರು ಬಂದು ಕಲ್ಲಿಗೆ ನೀರು ಚಿಮುಕಿಸಿ ಮೂರು ಬೆರಳಿನಿಂದ ವಿಭೂತಿ ಎಳೆದರು. ನಾಲ್ಕು ಜನ ಅವಳನ್ನು ಗೋಣಿತಾಟಿನ ಸಮೇತ ಎತ್ತಿ ಕಲ್ಲಿನ ಮೇಲಿಟ್ಟರು. ಮೈ ಇನ್ನೂ ಬೆಚ್ಚಗಿದೆ ಎಂದು ಒಬ್ಬ ಹೇಳಿದ. ಪುಣ್ಯವಂತರ ಮೈ ಹಾಗೆಯೇ ಎಂದು ಇನ್ನೊಬ್ಬ ಹೇಳಿದ. ಕೊರಳಿಗೆ ಹಾರ ಬಿತ್ತು. ಮರುಳಪ್ಪ ಬಂದು ಪಾದಕ್ಕೆ ಹಣೆಯಿಟ್ಟು, ಏನೆಲ್ಲ ಮಾಡಿದೆ, ನೀನು ಉಳಿಯಲಿಲ್ಲವಲ್ಲ ಎಂದು ಬಿಕ್ಕಿದ.

ಅನ್ನದಾನಮ್ಮ ಕಣ್ಣು ತೆರೆದಳು. ಲಿಂಗವನ್ನು ಕಣ್ಣಿಗೊತ್ತಿ ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡಳು.

"ಮರುಳಾ, ಈ ಕಲ್ಲು ಎಡಗಡಿ ಒಂಚೂರು ಅಲ್ಲಾಡ್ತೈತಿ ನೋಡು. ಇನ್ನೊಂದು ಚಕ್ಕಿ ಕೊಟ್ಟು ಬಿಗಿ ಮಾಡಿಸು."

ಗುಂಪು ಎರಡು ಮಾರು ಹಿಂದೆ ಸರಿಯಿತು. ಕೊಟ್ರಮ್ಮ ಬಾಗಿಲ ಹಿಂದೆ ಸೇರಿಕೊಂಡಳು. ಮರುಳಪ್ಪ ಮಂಡಿಯ ಮೇಲೆ ಇದ್ದಲ್ಲೇ ಇದ್ದ.

"ಅವ್ವಾ, ನೀ ಸತ್ತಿಲ್ಲೇನು."

"ಸತ್ತೀನಿ ಅಂತ ನಾ ಯಾರಿಗೆ ಹೇಳೀನಪ್ಪ. ಪೂಜಿ ಮಾಡ್ತಾ ಕುಂತಿದ್ದೆ. ಸಾಯ್ಸಿದೋರು ನೀವು."

ಮರುಳಪ್ಪನ ಮುಖದಲ್ಲಿ ಸಂತೋಷ ಬಂತು, ಸಿಟ್ಟು ಬಂತು, ಊರೆಲ್ಲ ನೋಡುತ್ತಿದೆ ಎಂಬ ನಾಚಿಕೆ ಬಂತು. ಏಳು, ಒಳಗೆ ಹೋಗೋಣ ಎಂದ. ಅನ್ನದಾನಮ್ಮ ಕಲ್ಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಈಗ ಅವಳ ದನಿ ಹಳೆಯ ದನಿಯಾಗಿತ್ತು, ಬೀದಿಯ ಆ ತುದಿಗೂ ಕೇಳುವಂಥದ್ದು.

"ಸತ್ತಾಕಿಗೆ ಒಂದು ಗಳಿಗ್ಯಾಗ ಕಲ್ಲು ಬಂತು. ಬದುಕಿದಾಕಿ ಬಾಯಿಬಿಟ್ಟು ಕೇಳಿದ್ರೂ ಬರಲಿಲ್ಲ. ನಿನಗ ಯಾವಾಕಿ ಬೇಕಪ್ಪ, ಈಗಲೇ ಹೇಳು."

ಮರುಳಪ್ಪ ಮೇಲುವಸ್ತ್ರದಿಂದ ಮುಖ ಒರೆಸಿಕೊಂಡ. ಸಂಘದವನೊಬ್ಬ ಕೆಮ್ಮಿ, ಹಾಗಾದರೆ ಕಲ್ಲುಗಳನ್ನು ವೇದಿಕೆಗೆ ವಾಪಸು ಒಯ್ಯಬಹುದೇ ಎಂದು ಕೇಳಿದ. ಅಯ್ಯನವರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಬಿಸಿಲಲ್ಲಿ ನಡೆದು ಬಂದದ್ದು ದಂಡವಾಯಿತೆಂದು ಅವರಿಗೆ ಮೊದಲೇ ಸಿಟ್ಟು ಬಂದಿತ್ತು.

"ಕಲ್ಲಿಗೆ ವಿಭೂತಿ ಎಳದೀನಿ. ಹಿರೇರನ್ನ ಕೂಡ್ರಿಸಿ ಹಾರ ಹಾಕೀರಿ. ಇನ್ನ ಅದು ಗದ್ದಿಗಿ. ಕುಂತೋರನ್ನ ಮಣ್ಣಿಗೆ ಕಳಿಸೋತನಕ ಅದನ್ನ ಎತ್ತಂಗಿಲ್ಲ."

ಅಲ್ಲಿಗೆ ಸುಧಾರಣೆ ನಿಂತಿತು. ದೊರೆ ಬರಲೇ ಇಲ್ಲ. ಅವರಿಗೆ ಬೇರೆ ಊರಿಗೆ ವರ್ಗವಾಯಿತೆಂದು ಆಮೇಲೆ ತಿಳಿಯಿತು. ಅಗಲವಾದ ಬೀದಿಯಲ್ಲಿ ಕತ್ತೆಗಳು ಆರಾಮಾಗಿ ಮಲಗತೊಡಗಿದವು.

ಬೇಸಿಗೆಯ ಹೊತ್ತಿಗೆ ಅನ್ನದಾನಮ್ಮ ಎರಡು ಜೋಳದ ರೊಟ್ಟಿ ತಿಂದು ಅರಗಿಸಿಕೊಳ್ಳುತ್ತಿದ್ದಳು. ಇದು ಕೆಂಪು ಔಷಧದ ಗುಣವೆಂದು ಡಾಕ್ಟರು ಹೇಳಿದ. ಮಡಕಶಿರದ ನೀರಿನದೆಂದು ಮರುಳಪ್ಪ ಹೇಳಿದ. ನೇಮಕಲ್ಲು ಆಂಜನೇಯನಿಗೆ ತಾನು ಹೊತ್ತ ಹರಕೆಯಿಂದ ಎಂದು ಕೊಟ್ರಮ್ಮ ಹೇಳಿದಳು. ಕಲ್ಲಿನ ಹೆಸರು ಯಾರೂ ಎತ್ತಲಿಲ್ಲ. ಕಬ್ಬಿಣದ ಮಂಚವನ್ನು ಮಾಳಿಗೆಗೆ ಸಾಗಿಸಿ ಸಂಡಿಗೆ ಒಣಗಿಸಲು ಇಟ್ಟರು, ಸೊಳ್ಳೆಪರದೆ ಅದಕ್ಕೂ ಉಪಯೋಗಕ್ಕೆ ಬಂತು, ಕಾಗೆ ಮುಟ್ಟದ ಹಾಗೆ. ಸಿದ್ದಬಸಪ್ಪ ದಿನಾಲೂ ಬೀದಿ ದಾಟಿ ಬಂದು ಜಗಲಿಯ ತುದಿಗೆ ಕೂರುತ್ತಿದ್ದ. ಆತನೂ ಒಂದು ಮಧ್ಯಾಹ್ನ ತನ್ನ ಮನೆಯ ಗೋಡೆಗೊರಗಿ ಕಣ್ಣು ಮುಚ್ಚಿ ಕೂತು ನೋಡಿದನಂತೆ. ಮನೆಯವರು ಈಗ ಜಾಣರಾಗಿದ್ದರು, ಮೊದಲು ಮೂಗಿಗೆ ಬೆರಳು ಹಿಡಿದರು.

ಅನ್ನದಾನಮ್ಮ ಆಮೇಲೆ ಬಹಳ ವರ್ಷ ಬಾಳಿದಳು. ಎಷ್ಟು ಜಗಳ ಬಿಡಿಸಿದಳೋ ಎಷ್ಟು ಹಚ್ಚಿದಳೋ. ಕೊನೆಗೊಂದು ಸಂತೆಯ ದಿನ ಉಜ್ಜಿನಮ್ಮ ಬಂದು ಗಡಿಗೆ ಇಳಿಸಿ, ಅಮ್ಮನ ಮುಂಗೈಗೆ ತುಪ್ಪ ಸವರಿ, ಮಗ್ಗುಲಲ್ಲಿ ಕೂತು ಹಟ್ಟಿಯ ಸುದ್ದಿಯೆಲ್ಲ ಹೇಳಿದಳು. ಅಮ್ಮ ಗೋಡೆಗೊರಗಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಹೋಗುವವರು ಬರುವವರು ಎಂದಿನ ಹಾಗೆ ಆರಾಮೇನ್ರಿ ಎಂದು ಕೇಳಿ ಮುಂದೆ ಹೋದರು. ಬಹಳ ಹೊತ್ತಾದರೂ ಅಮ್ಮ ತುಪ್ಪದಲ್ಲಿ ತಪ್ಪು ಹೇಳಲಿಲ್ಲ. ಉಜ್ಜಿನಮ್ಮ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು. ಆಮೇಲೆ ಕೂತಲ್ಲೇ ಕೂತು ಸದ್ದಿಲ್ಲದೆ ಅತ್ತಳು.

ಮರುಳಪ್ಪ ಅಂಗಡಿಯಿಂದ ಇಣುಕಿ ನೋಡಿದ. ಹಣೆಯಲ್ಲಿ ವಿಭೂತಿ, ಮುಚ್ಚಿದ ಕಣ್ಣು, ಅಳುತ್ತಿರುವ ಉಜ್ಜಿನಮ್ಮ. ಆತ ನಕ್ಕು, ತಕ್ಕಡಿ ಕೆಳಗಿಟ್ಟು ಬಂದು ತಾಯಿಯ ಎದುರು ನಿಂತ.

"ಅವ್ವಾ, ಈ ಸಲ ಏನು ಬೇಕು ಹೇಳು."

ಅನ್ನದಾನಮ್ಮ ಏನನ್ನೂ ಕೇಳಲಿಲ್ಲ.